ಆಡು ಮುಟ್ಟದ ಸೊಪ್ಪು

ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಹುಳಿಯಾರು ಸೀಮೆಯಲ್ಲಿ ಸುವರ್ಣಮುಖಿ ಹೊಳೆಗೆ ಎರಡು ಗುಡ್ಡಗಳ ನಡುವೆ ಅಡ್ಡಲಾಗಿ ಕಟ್ಟಿದ ಜಲಾಶಯ ಬೋರನಕಣಿವೆ. ಮೈಸೂರು ಅರಸರ ಕಾಲದ ಕಟ್ಟೆ. ನೀರಿದ್ದ ಕಡೆಯಲ್ಲೆಲ್ಲ ತೆಂಗು, ನೀರು ಹತ್ತದ ಕಡೆ ಕುರುಚಲು ಗುಡ್ಡ. ಆ ಗುಡ್ಡಗಳಲ್ಲಿ ಆಡು ಕಾಯುವವರಿಗೆ ಯಾವ ಸೊಪ್ಪು ಮೇವು, ಯಾವುದು ಮದ್ದು, ಯಾವುದು ಮರಿಯನ್ನು ಕೆಡವುತ್ತದೆ ಎಂದು ಯಾರೂ ಪಾಠ ಹೇಳಿಕೊಟ್ಟಿರುವುದಿಲ್ಲ. ಆಡೇ ಹೇಳಿಕೊಟ್ಟಿರುತ್ತದೆ.

ಆಡು ಮುಟ್ಟದ ಸೊಪ್ಪಿಲ್ಲ ಎಂಬ ಗಾದೆ ಎಲ್ಲರಿಗೂ ಗೊತ್ತು. ಆದರೆ ಅದೇ ಸೀಮೆಯ ಹಿರಿಯರು ಒಂದು ಸೊಪ್ಪನ್ನು ಈ ಗಾದೆಯಿಂದ ಹೊರಗಿಡುತ್ತಾರೆ. ಅದು ಆಡುಸೋಗೆ. ಹೆಸರಿನಲ್ಲೇ ಆಡಿದ್ದರೂ ಆಡು ಅದನ್ನು ಮೂಸಿ ಮುಂದೆ ಹೋಗುತ್ತದೆ. ದನ ಕುರಿ ತಿನ್ನುವುದಿಲ್ಲವೆಂದೇ ಅದನ್ನು ತೋಟದ ಬೇಲಿಗೆ ನೆಡುವುದು. ಮನೆಯಲ್ಲಿ ಕೆಮ್ಮು ಬಂದರೆ ಅದೇ ಬೇಲಿಯ ನಾಲ್ಕು ಎಲೆ ಕಿತ್ತು ಕಷಾಯ ಕಾಸುತ್ತೇವೆ. ಆಡು ಬೇಡವೆಂದದ್ದನ್ನು ನಾವು ಮಗುವಿಗೆ ಕುಡಿಸುತ್ತೇವೆ. ಇದರಲ್ಲಿ ಯಾರದು ಸರಿ?

ಪ್ರಶ್ನೆ ತಮಾಷೆಯದಾಗಿ ಕಂಡರೂ ಔಷಧ ಚರಿತ್ರೆಯ ಬಹು ದೊಡ್ಡ ಜಗಳವೊಂದು ಇದರಲ್ಲಿದೆ. ಗಿಡಮೂಲಿಕೆಯ ಸಾರವನ್ನು ಪ್ರಾಣಿಗೆ ಕೊಟ್ಟು, ಅದರ ಮೈಯಲ್ಲಿ ಏನಾಗುತ್ತದೆಂದು ನೋಡಿ, ಅದರಿಂದ ಮನುಷ್ಯನಿಗೆ ಒಳ್ಳೆಯದೋ ಕೆಟ್ಟದ್ದೋ ಎಂದು ತೀರ್ಮಾನಿಸಬಹುದೇ? ಪ್ರಾಣಿಯ ಸಾಕ್ಷಿ ನಮ್ಮ ವಿಷಯದಲ್ಲಿ ನಿಲ್ಲುತ್ತದೆಯೇ?

ಕುರಿಗಾಹಿಯ ಅನುಭವ ಒಂದು ಮಟ್ಟಿಗೆ ಹೌದು ಎನ್ನುತ್ತದೆ. ಮಳೆ ಕೈಕೊಟ್ಟು ಬಾಡಿದ ಎಳೆಯ ಜೋಳದ ಪೈರಿಗೆ ಬಾಯಿ ಹಾಕಿದ ದನ ನಿಂತಲ್ಲೇ ಬೀಳುವುದನ್ನು ಕಂಡವರು ಬಯಲುಸೀಮೆಯಲ್ಲಿ ಬಹಳ. ಅದರಲ್ಲಿ ಹುಟ್ಟುವ ಸಯನೈಡ್ ಕಾರಣವೆಂದು ವಿಜ್ಞಾನ ಆಮೇಲೆ ಹೇಳಿತು. ಹೊಂಗೆ ಹಿಂಡಿ ತೆಂಗಿನ ಬುಡಕ್ಕೆ ಹೋಗುತ್ತದೆಯೇ ಹೊರತು ಕಡಲೆಕಾಯಿ ಹಿಂಡಿಯಂತೆ ಕೊಟ್ಟಿಗೆಯ ಬಾನಿಗೆ ಹೋಗುವುದಿಲ್ಲ. ಆದರೆ ಈ ಪರೀಕ್ಷೆಗೂ ಒಂದು ಮಿತಿಯಿದೆ. ಬರಗಾಲದಲ್ಲಿ, ಬೇರೆ ಹಸಿರಿಲ್ಲದಾಗ, ಲಂಟಾನದ ಎಲೆ ತಿಂದು ಕಾಮಾಲೆಯಾಗಿ, ಬಿಸಿಲಿಗೆ ಚರ್ಮ ಸುಲಿದು ಸಾಯುವ ದನಗಳಿವೆ. ಹಸಿದ ಪ್ರಾಣಿಯ ನಾಲಿಗೆ ಒಳ್ಳೆಯ ನ್ಯಾಯಾಧೀಶನಲ್ಲ.

ಪ್ರಾಣಿ ತಾನಾಗಿ ತಿಂದದ್ದನ್ನು ನೋಡುವುದು ಒಂದು, ನಾವೇ ತಿನ್ನಿಸಿ ನೋಡುವುದು ಇನ್ನೊಂದು. ಎರಡನೆಯದೂ ಹಳೆಯದೇ. ಗ್ರೀಕ್ ವೈದ್ಯ ಗ್ಯಾಲನ್ ಹೆಸರಿನಲ್ಲಿ ಉಳಿದುಬಂದಿರುವ ಒಂದು ಗ್ರಂಥದಲ್ಲಿ ಕೋಳಿಹುಂಜಗಳ ಪರೀಕ್ಷೆಯ ವಿವರವಿದೆ. ಥೇರಿಯಾಕ್ ಎಂಬ ಪ್ರಸಿದ್ಧ ವಿಷಹಾರಿ ಲೇಹ್ಯ ಅಸಲಿಯೋ ನಕಲಿಯೋ ಎಂದು ತಿಳಿಯಲು ಕೆಲವು ಹುಂಜಗಳಿಗೆ ಲೇಹ್ಯ ತಿನ್ನಿಸಿ, ಕೆಲವಕ್ಕೆ ತಿನ್ನಿಸದೆ, ಎಲ್ಲವನ್ನೂ ವಿಷದ ಹಾವುಗಳಿಗೆ ಒಡ್ಡುವುದು. ತಿಂದವು ಬದುಕಿದರೆ ಲೇಹ್ಯ ಅಸಲಿ. ಎರಡು ಗುಂಪು ಮಾಡಿ ಹೋಲಿಸುವ ಉಪಾಯ ಇಂದಿನ ಪ್ರಯೋಗಾಲಯಗಳಲ್ಲೂ ಅದೇ. ಬಗ್ದಾದಿನ ಆಸ್ಪತ್ರೆಗಳಲ್ಲಿ ಕೆಲಸ ಮಾಡಿದ ಅಬೂಬಕರ್ ಅರ್ರಾಝಿ ತನ್ನ ಬಳಿಯಿದ್ದ ಕೋತಿಯೊಂದಕ್ಕೆ ಪಾದರಸ ಕುಡಿಸಿ ನೋಡಿದ್ದ. ಅದಕ್ಕೆ ಹೊಟ್ಟೆನೋವಿಗಿಂತ ಹೆಚ್ಚೇನೂ ಆದಂತೆ ಕಾಣಲಿಲ್ಲವೆಂದು ಬರೆದಿಟ್ಟ.

ಇವರ ನಂತರ ಬಂದ ಇಬ್ನು ಸೀನಾ (980–1037) ಇದನ್ನು ಒಪ್ಪಲಿಲ್ಲ. ತನ್ನ ‘ಅಲ್‌ಖಾನೂನ್’ ಗ್ರಂಥದ ಎರಡನೆಯ ಸಂಪುಟದಲ್ಲಿ ಅವನು ಔಷಧಿಯೊಂದರ ಗುಣವನ್ನು ಅನುಭವದಿಂದ ಅರಿಯಲು ಕೆಲವು ಷರತ್ತುಗಳನ್ನು ಹಾಕುತ್ತಾನೆ. ಔಷಧಿಗೆ ಹೊರಗಿನ ಬಿಸಿಯೋ ತಂಪೋ ಸೋಂಕಿರಬಾರದು. ಒಂದಕ್ಕೊಂದು ಬೆರೆತ ಕಾಯಿಲೆಗಳ ಮೇಲಲ್ಲ, ಒಂಟಿ ಕಾಯಿಲೆಯ ಮೇಲೆ ನೋಡಬೇಕು. ಪರಿಣಾಮ ಒಮ್ಮೆ ಕಂಡರೆ ಸಾಲದು, ಯಾವಾಗಲೂ ಅಥವಾ ಬಹುತೇಕ ಸಲ ಕಾಣಬೇಕು. ಕೊನೆಯ ಷರತ್ತು, ಪರೀಕ್ಷೆ ಮನುಷ್ಯನ ಮೈಯ ಮೇಲೆಯೇ ಆಗಬೇಕು. ಕಾರಣವನ್ನೂ ಅವನೇ ಕೊಡುತ್ತಾನೆ. ಮನುಷ್ಯನಿಗೆ ಉಷ್ಣವಾದದ್ದು ಸಿಂಹಕ್ಕೋ ಕುದುರೆಗೋ ಶೀತವಾಗಿರಬಹುದು. ಅದಲ್ಲದೆ ಒಂದು ವಸ್ತುವಿಗೆ ಒಂದು ದೇಹದೊಡನೆ ಮಾತ್ರ ಇರುವ ವಿಶೇಷ ಗುಣ ಇನ್ನೊಂದು ದೇಹದೊಡನೆ ಇಲ್ಲದಿರಬಹುದು. ಇದಕ್ಕೆ ಅವನ ಉದಾಹರಣೆ ವತ್ಸನಾಭಿ. ಮನುಷ್ಯನನ್ನು ಕೊಲ್ಲುವ ಅದು ಕಬ್ಬಕ್ಕಿ ಜಾತಿಯ ಹಕ್ಕಿಗೆ ವಿಷವಲ್ಲ ಎನ್ನುತ್ತಾನೆ.

ಉಷ್ಣ, ಶೀತದ ಭಾಷೆ ಹಳೆಯದಾಯಿತು. ಅದರ ಹಿಂದಿನ ವಿಚಾರ ಹಳೆಯದಾಗಿಲ್ಲ. ಉಮ್ಮತ್ತಿಯ ಸಂಬಂಧಿಯಾದ ಬೆಲ್ಲಡೋನ ಗಿಡವನ್ನು ಕೆಲವು ಮೊಲಗಳು ತೊಂದರೆಯಿಲ್ಲದೆ ತಿನ್ನುತ್ತವೆ, ಅದರ ವಿಷವನ್ನು ಒಡೆಯುವ ಕಿಣ್ವ ಅವುಗಳ ಮೈಯಲ್ಲಿದೆ. ಮನುಷ್ಯರ ಮಕ್ಕಳು ಚಪ್ಪರಿಸುವ ಚಾಕೊಲೇಟ್ ನಾಯಿಗೆ ವಿಷ. ಹಾವಿನೊಡನೆ ಕಾದಾಡುವ ಮೊದಲು ಮುಂಗುಸಿ ಯಾವುದೋ ಬೇರು ಅಗಿದು ಬರುತ್ತದೆ ಎಂದು ನಮ್ಮ ಕಡೆ ಕೇಳದವರಿಲ್ಲ. ಆ ಬೇರು ಸರ್ಪಗಂಧ ಎಂದು ನಂಬಿದವರು ಬಹಳ ಮಂದಿ. ಆದರೆ ಮುಂಗುಸಿ ಉಳಿಯುವುದು ಬೇರಿನಿಂದಲ್ಲ. ಅದರ ಸ್ನಾಯುಗಳಲ್ಲಿ ನಾಗರಹಾವಿನ ವಿಷ ಅಂಟಿಕೊಳ್ಳಬೇಕಾದ ಜಾಗದ ರಚನೆಯೇ ಬೇರೆ ಎಂದು 1992ರಲ್ಲಿ ಇಸ್ರೇಲಿನ ವಿಜ್ಞಾನಿಗಳು ತೋರಿಸಿದರು. ಇಬ್ನು ಸೀನಾ ಹೇಳಿದ ಆ ವಿಶೇಷ ಗುಣ ಇದೇ ಬಗೆಯದು. ಮುಂಗುಸಿಯನ್ನು ನಂಬಿ ಹಾವು ಕಚ್ಚಿದವನಿಗೆ ಸರ್ಪಗಂಧ ಅರೆದು ಕುಡಿಸಿದ ಮನೆಗಳಲ್ಲಿ ಎಷ್ಟು ಜೀವ ಹೋಯಿತೋ ಯಾರೂ ಲೆಕ್ಕವಿಟ್ಟಿಲ್ಲ.

ಈ ಸರ್ಪಗಂಧದ ಕಥೆಯನ್ನೇ ಸ್ವಲ್ಪ ವಿವರವಾಗಿ ನೋಡಬೇಕು. ಪ್ರಾಣಿಯ ಸಾಕ್ಷಿ ಎಷ್ಟು ದೂರ ಬರುತ್ತದೆ, ಎಲ್ಲಿ ಕೈಬಿಡುತ್ತದೆ ಎಂಬುದಕ್ಕೆ ಇಷ್ಟು ಸ್ಪಷ್ಟವಾದ ಉದಾಹರಣೆ ಇನ್ನೊಂದಿಲ್ಲ. ನಮ್ಮ ಸೀಮೆಯವರು ದಿನಾ ಹಾದುಹೋಗುವ ದಾರಿಯಲ್ಲೇ ಅದರ ಒಂದು ಗುರುತೂ ಇದೆ. ತುಮಕೂರಿನಿಂದ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗುವಾಗ ನೆಲಮಂಗಲ ದಾಟಿದ ಮೇಲೆ ಮಾಕಳಿ ಸಿಗುತ್ತದೆ. ಅಲ್ಲಿಗೆ 1975ರಲ್ಲಿ ಬಂದು ನೆಲೆನಿಂತ ಹಿಮಾಲಯ ಕಂಪನಿಯನ್ನು ಡೆಹ್ರಾಡೂನಿನಲ್ಲಿ 1930ರಲ್ಲಿ ಆರಂಭಿಸಿದವರು ಮುಹಮ್ಮದ್ ಮನಾಲ್. ಕಂಪನಿ ಹೇಳಿಕೊಂಡು ಬಂದಿರುವ ಕಥೆಯ ಪ್ರಕಾರ, ಯುವಕ ಮನಾಲ್ ಬರ್ಮಾದ ಕಾಡುಗಳಲ್ಲಿ ತಿರುಗುತ್ತಿದ್ದಾಗ ಕೆರಳಿದ ಆನೆಗಳಿಗೆ ಜನ ಒಂದು ಬೇರನ್ನು ತಿನ್ನಿಸಿ ಶಾಂತಗೊಳಿಸುವುದನ್ನು ಕಂಡರು. ಅದು ಸರ್ಪಗಂಧದ ಬೇರು. ತಾಯಿಯ ಒಡವೆ ಅಡವಿಟ್ಟು ಕೈಯಿಂದ ತಿರುಗಿಸುವ ಮಾತ್ರೆ ಯಂತ್ರ ಕೊಂಡರು. 1934ರಲ್ಲಿ ‘ಸರ್ಪಿನಾ’ ಮಾತ್ರೆ ಬಂತು. ರಕ್ತದೊತ್ತಡಕ್ಕೆಂದು ಮಾರುಕಟ್ಟೆಗೆ ಬಂದ ಮೊದಲ ಮಾತ್ರೆಗಳಲ್ಲಿ ಅದೂ ಒಂದು.

ಆನೆಯ ಕಥೆಯಲ್ಲಿ ಎಷ್ಟು ಇತಿಹಾಸ, ಎಷ್ಟು ಪ್ರಚಾರ ಎಂದು ಬೇರ್ಪಡಿಸುವುದು ಕಷ್ಟ. ಆದರೆ ಅದೇ ವರ್ಷಗಳಲ್ಲಿ ಭಾರತದ ಮೂರು ಕಡೆ ಇದೇ ಬೇರಿನ ಮೇಲೆ ಕೆಲಸ ನಡೆಯುತ್ತಿದ್ದುದು ದಾಖಲೆಯಲ್ಲಿದೆ.

ಮೊದಲನೆಯದು ದಿಲ್ಲಿ. ಹಕೀಂ ಅಜ್ಮಲ್ ಖಾನ್ ಎಂದರೆ ನಮಗೆ ನೆನಪಾಗುವುದು 1921ರ ಅಹ್ಮದಾಬಾದ್ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರು, ಜಾಮಿಯಾ ಮಿಲ್ಲಿಯಾದ ಮೊದಲ ಕುಲಪತಿ. ಅವರ ಇನ್ನೊಂದು ಆಸೆ ಯುನಾನಿ, ಆಯುರ್ವೇದಗಳ ಮದ್ದುಗಳನ್ನು ಹೊಸ ರಸಾಯನ ವಿಜ್ಞಾನದ ಮುಂದೆ ಇಟ್ಟು ಪರೀಕ್ಷಿಸುವುದಾಗಿತ್ತು. ಗಾಂಧೀಜಿ 1921ರ ಫೆಬ್ರವರಿಯಲ್ಲಿ ಉದ್ಘಾಟಿಸಿದ ದಿಲ್ಲಿಯ ತಿಬ್ಬಿಯಾ ಕಾಲೇಜಿನಲ್ಲಿ ಸಂಶೋಧನಾ ವಿಭಾಗ ಕಟ್ಟಲು ಅವರು ಆರಿಸಿಕೊಂಡದ್ದು ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ಡಾಕ್ಟರೇಟ್ ಮುಗಿಸಿದ ಸಲೀಮುಝ್ಝಮಾನ್ ಸಿದ್ದೀಕಿಯವರನ್ನು. 1927ರ ಡಿಸೆಂಬರಿನಲ್ಲಿ ಅಜ್ಮಲ್ ಖಾನ್ ತೀರಿಕೊಂಡರು. ಫಲ ನೋಡುವ ಭಾಗ್ಯ ಅವರಿಗಿರಲಿಲ್ಲ. 1931ರಲ್ಲಿ ಸಿದ್ದೀಕಿ ಮತ್ತು ಅವರ ಸಹೋದ್ಯೋಗಿ ರಫತ್ ಹುಸೈನ್ ಸಿದ್ದೀಕಿ ಸರ್ಪಗಂಧದ ಬೇರಿನಿಂದ ಐದು ಆಲ್ಕಲಾಯ್ಡ್‌ಗಳನ್ನು ಹರಳುಗಳಾಗಿ ಬೇರ್ಪಡಿಸಿದರು. ಮೂರಕ್ಕೆ ಹಕೀಮರ ನೆನಪಿನಲ್ಲಿ ಹೆಸರಿಟ್ಟರು: ಅಜ್ಮಲಿನ್, ಅಜ್ಮಲಿನೈನ್, ಅಜ್ಮಲಿಸಿನ್. ಉಳಿದೆರಡಕ್ಕೆ ಸರ್ಪದ ಹೆಸರು. ಕಪ್ಪೆಗಳಿಗೆ ಕೊಟ್ಟು ನೋಡಿದಾಗ ಒಂದು ಗುಂಪು ಹೃದಯವನ್ನು ಕುಗ್ಗಿಸಿತು, ಇನ್ನೊಂದು ಗುಂಪು ಚುರುಕುಗೊಳಿಸಿತು. (ಇಂದಿಗೂ ಹೃದಯದ ಬಡಿತದ ಒಂದು ಅಪರೂಪದ ದೋಷವನ್ನು ಪತ್ತೆಹಚ್ಚಲು ಯುರೋಪಿನ ಆಸ್ಪತ್ರೆಗಳಲ್ಲಿ ಅಜ್ಮಲಿನ್ ಚುಚ್ಚಿ ನೋಡುತ್ತಾರೆ. ದಿಲ್ಲಿಯ ಹಕೀಮರೊಬ್ಬರ ಹೆಸರು ತಾವು ಉಚ್ಚರಿಸುತ್ತಿರುವುದು ಅಲ್ಲಿನ ವೈದ್ಯರಲ್ಲಿ ಎಷ್ಟು ಮಂದಿಗೆ ಗೊತ್ತೋ.)

ಎರಡನೆಯದು ಕಲ್ಕತ್ತಾ. ಅದೇ 1931ರಲ್ಲಿ ಕವಿರಾಜ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಈ ಬೇರಿನ ಪುಡಿ ಹುಚ್ಚಿಗೂ ಏರಿದ ರಕ್ತದೊತ್ತಡಕ್ಕೂ ಕೆಲಸ ಮಾಡುತ್ತದೆಂದು ತಮ್ಮ ರೋಗಿಗಳ ಅನುಭವವನ್ನು ಪ್ರಕಟಿಸಿದರು. ಬಿಹಾರದ ಹಳ್ಳಿಗಳಲ್ಲಿ ಅದರ ಹೆಸರೇ ‘ಪಾಗಲ್ ಕೀ ದವಾ’, ಹುಚ್ಚರ ಮದ್ದು. ಕಲ್ಕತ್ತೆಯ ಉಷ್ಣವಲಯ ವೈದ್ಯಶಾಲೆಯಲ್ಲಿ ರಾಮನಾಥ್ ಚೋಪ್ರಾ ಮತ್ತು ಸಂಗಡಿಗರು 1933ರಲ್ಲಿ ಬೇರಿನ ಆಲ್ಕಲಾಯ್ಡ್ ಒಂದನ್ನು ಪ್ರಾಣಿಗಳ ಮೇಲೆ ಪರೀಕ್ಷಿಸಿದರು.

ಇಲ್ಲಿ ಒಂದು ಗಂಟು ಬಿತ್ತು. ಹಕೀಮರೂ ಕವಿರಾಜರೂ ಕೊಡುತ್ತಿದ್ದುದು ಇಡೀ ಬೇರಿನ ಪುಡಿ. ಅದನ್ನು ತಿಂದವನು ಶಾಂತನಾಗುತ್ತಿದ್ದ, ನಿದ್ದೆ ಹೋಗುತ್ತಿದ್ದ. ರಸಾಯನ ವಿಜ್ಞಾನಿಗಳು ಬೇರ್ಪಡಿಸಿದ ಹರಳುಗಳಲ್ಲಿ ಆ ನಿದ್ದೆ ಇರಲಿಲ್ಲ. ಹಾಗಾದರೆ ಹಳಬರು ಕಂಡದ್ದು ಭ್ರಮೆಯೇ? ಹಾಗೆನ್ನುವುದು ಸುಲಭವಿತ್ತು. 1940ರ ದಶಕದಲ್ಲಿ ಭಾರತೀಯ ಸಂಶೋಧಕರು ಹರಳು ತೆಗೆದ ಮೇಲೆ ಉಳಿಯುವ ರಾಳದಂಥ ಅಂಟನ್ನು ಪ್ರಾಣಿಗಳಿಗೆ ಕೊಟ್ಟರು. ಅವು ಮಂಕಾಗಿ ಮಲಗಿದವು. ನಿದ್ದೆ ಅಡಗಿದ್ದದ್ದು ಕಸವೆಂದು ಬದಿಗಿಟ್ಟ ಅಂಟಿನಲ್ಲಿ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಸಿಬಾ ಕಂಪನಿಯ ಮೂವರು ವಿಜ್ಞಾನಿಗಳು 1952ರಲ್ಲಿ ಆ ಅಂಟಿನಿಂದಲೇ ರಿಸರ್ಪಿನ್ ಎಂಬ ವಸ್ತುವನ್ನು ಹೊರತೆಗೆದರು. ಪ್ರಾಣಿಯ ಸಾಕ್ಷಿ ಇಲ್ಲಿ ಹಳ್ಳಿಯ ಅನುಭವದ ಪರವಾಗಿ ನಿಂತಿತು.

ಮೂರನೆಯದು ಮುಂಬೈ. ಕೆ.ಇ.ಎಂ. ಆಸ್ಪತ್ರೆಯ ಪಾರ್ಸಿ ವೈದ್ಯ ರುಸ್ತುಂ ಜಾಲ್ ವಕೀಲ್ 1949ರಲ್ಲಿ ಬ್ರಿಟಿಷ್ ಹೃದಯ ಪತ್ರಿಕೆಯಲ್ಲಿ 50 ರೋಗಿಗಳಿಗೆ ಸರ್ಪಗಂಧ ಕೊಟ್ಟ ವರದಿ ಪ್ರಕಟಿಸಿದರು. ಆಗ ರಕ್ತದೊತ್ತಡಕ್ಕೆ ಹೇಳಿಕೊಳ್ಳುವಂಥ ಮಾತ್ರೆಯೇ ಇರಲಿಲ್ಲ. ಆ ಲೇಖನ ಬಂದ ಮೇಲೆ ಅಮೆರಿಕದ ಬಾಸ್ಟನ್ ವೈದ್ಯರು ಬೇರು ತರಿಸಿಕೊಂಡರು, 1950ರ ದಶಕದಲ್ಲಿ ಜಗತ್ತೆಲ್ಲ ಅದನ್ನೇ ನುಂಗಿತು. ವಕೀಲರಿಗೆ 1957ರಲ್ಲಿ ಅಮೆರಿಕದ ಲಾಸ್ಕರ್ ಪ್ರಶಸ್ತಿ ಬಂತು.

ಒಂದು ಹಕೀಂ ಮನೆತನ, ಒಬ್ಬ ಕವಿರಾಜ, ಒಬ್ಬ ಪಾರ್ಸಿ ಡಾಕ್ಟರು, ಹಳ್ಳಿಯ ಹುಚ್ಚರ ಮದ್ದು. ಇದು ಯಾವ ಪದ್ಧತಿಯ ಆಸ್ತಿ ಎಂದು ಇವತ್ತು ಜಗಳವಾಡುವವರು ಈ ಪಟ್ಟಿಯನ್ನೊಮ್ಮೆ ನೋಡಬೇಕು. ಗಿಡದ ಶಾಸ್ತ್ರೀಯ ಹೆಸರೂ ಕಲಬೆರಕೆಯದೇ. ಹದಿನಾರನೆಯ ಶತಮಾನದ ಜರ್ಮನ್ ವೈದ್ಯ ರೌವೋಲ್ಫ್ ಭಾರತಕ್ಕೆ ಬಂದವನೇ ಅಲ್ಲ. ಮೂಲಿಕೆ ಹುಡುಕುತ್ತ ಅಲೆಪ್ಪೊ, ಬಗ್ದಾದ್‌ವರೆಗೆ ಬಂದು, ಅಲ್ಲಿ ಮುಸ್ಲಿಮರು ಕಾಫಿ ಕುಡಿಯುವುದನ್ನು ಕಂಡು ಯುರೋಪಿಗೆ ಮೊದಲು ಬರೆದು ತಿಳಿಸಿದವನು. ಕಾಫಿಯನ್ನು ನಮ್ಮ ಬಾಬಾಬುಡನ್ ಗಿರಿಯ ಕಥೆಯ ಮೂಲಕ ಬಲ್ಲವರಿಗೆ ಈ ನಂಟು ಇಷ್ಟವಾದೀತು.

ಇನ್ನು ಸಾಕ್ಷಿ ಕೈಕೊಟ್ಟ ಭಾಗ. ರಿಸರ್ಪಿನ್ ಕೊಟ್ಟ ಪ್ರಾಣಿಗಳು ಸಾಧುವಾಗಿ ಕೂತವು. ನೋಡಿದವರು ಇದನ್ನು ಶಾಂತಿ ಎಂದರು. ಆದರೆ 1954ರ ಹೊತ್ತಿಗೇ, ರಕ್ತದೊತ್ತಡಕ್ಕೆ ಈ ಮಾತ್ರೆ ತೆಗೆದುಕೊಳ್ಳುತ್ತಿದ್ದ ಕೆಲವರು ಬದುಕೇ ಬೇಡವೆನ್ನುವಷ್ಟು ಖಿನ್ನರಾಗುತ್ತಿದ್ದಾರೆ ಎಂಬ ವರದಿಗಳು ಬರತೊಡಗಿದವು. ಈ ಅಪಾಯ ಆಗ ಹೇಳಿದಷ್ಟು ದೊಡ್ಡದಲ್ಲವೆಂದು ಆಮೇಲಿನ ಪರಿಶೀಲನೆಗಳು ವಾದಿಸಿವೆ. ಆದರೂ ಮೊಲ ಮೂಲೆಯಲ್ಲಿ ಸುಮ್ಮನೆ ಕೂತರೆ ಅದು ಸಮಾಧಾನವೋ ದುಃಖವೋ ಹೇಳುವವರು ಯಾರು? ಸ್ವೀಡನ್ನಿನ ಆರ್ವಿಡ್ ಕಾರ್ಲ್ಸನ್ ಅದನ್ನೇ ಬೇರೆ ರೀತಿ ಕೇಳಿದರು. ರಿಸರ್ಪಿನ್‌ನಿಂದ ಅಲುಗಾಡದೆ ಬಿದ್ದ ಮೊಲಗಳಿಗೆ 1957ರಲ್ಲಿ ಅವರು ಎಲ್-ಡೋಪಾ ಎಂಬ ವಸ್ತು ಚುಚ್ಚಿದಾಗ ಅವು ಎದ್ದು ಓಡಾಡಿದವು. ಮಿದುಳಿನ ಡೋಪಮಿನ್ ಬರಿದಾಗಿದ್ದರಿಂದ ಅವು ಹಾಗಾಗಿದ್ದವು ಎಂಬುದು ಇದರಿಂದ ತಿಳಿಯಿತು. ಪಾರ್ಕಿನ್ಸನ್ ಕಾಯಿಲೆಗೆ ಮದ್ದು ಸಿಕ್ಕಿದ್ದು ಈ ದಾರಿಯಲ್ಲಿ. 2000ದಲ್ಲಿ ಅವರಿಗೆ ನೊಬೆಲ್ ಬಂತು. ಮೊಲ ತನ್ನ ಮನಸ್ಸಿನ ಬಗ್ಗೆ ಏನೂ ಹೇಳಲಿಲ್ಲ, ಮಿದುಳಿನ ಬಗ್ಗೆ ಬಹಳ ಹೇಳಿತು.

1974ರಲ್ಲಿ ಇನ್ನೊಂದು ಗಾಬರಿ. ಈ ಮಾತ್ರೆಗೂ ಸ್ತನ ಕ್ಯಾನ್ಸರಿಗೂ ನಂಟಿದೆಯೆಂದು ಮೂರು ದೇಶಗಳ ಅಧ್ಯಯನಗಳು ಒಟ್ಟಿಗೆ ಬಂದವು. ಅಮೆರಿಕದ ಕ್ಯಾನ್ಸರ್ ಸಂಸ್ಥೆ ಇಲಿಗಳಿಗೆ ದೀರ್ಘಕಾಲ ರಿಸರ್ಪಿನ್ ತಿನ್ನಿಸಿದಾಗ ಗಡ್ಡೆಗಳು ಕಂಡವು. ಮನುಷ್ಯರ ಮೇಲಿನ ಆಮೇಲಿನ ಅಧ್ಯಯನಗಳು ಆ ನಂಟನ್ನು ದೃಢಪಡಿಸಲಿಲ್ಲ. ಅಷ್ಟರಲ್ಲಿ ಬೇರೆ ಮಾತ್ರೆಗಳು ಬಂದು ಸರ್ಪಗಂಧ ಹಿಂದೆ ಸರಿದಿತ್ತು. ಕಾಡಿನಲ್ಲಿ ಅದನ್ನು ಕಿತ್ತ ರಭಸಕ್ಕೆ 1990ರಲ್ಲಿ ಅಂತಾರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಗೂ ಸೇರಿಸಬೇಕಾಯಿತು.

ಗಿಡದ ಸಾರಕ್ಕೆ ಒಂದು ಸ್ವಭಾವವಿದೆ. ಅದು ಒಂದೇ ಸಮ ಇರುವುದಿಲ್ಲ. ಮಳೆಗಾಲದ ಎಲೆ ಬೇರೆ, ಬೇಸಿಗೆಯ ಎಲೆ ಬೇರೆ. ಇಂಗ್ಲೆಂಡಿನಲ್ಲಿ ಹೃದಯದ ಮದ್ದಾಗಿದ್ದ ಡಿಜಿಟಾಲಿಸ್ ಎಲೆಯ ಕಡುಪು ಅಳೆಯಲು ಕಪ್ಪೆ, ಬೆಕ್ಕುಗಳನ್ನು ಬಳಸುತ್ತಿದ್ದುದು ಈ ಕಾರಣಕ್ಕೆ. ಆ ಲೆಕ್ಕವನ್ನು ಗಟ್ಟಿ ಮಾಡಲು 1927ರಲ್ಲಿ ಟ್ರೆವನ್ ಎಂಬ ವಿಜ್ಞಾನಿ ಒಂದು ಅಳತೆ ಕೊಟ್ಟ: ಪ್ರಾಣಿಗಳ ಗುಂಪಿನಲ್ಲಿ ಅರ್ಧ ಸಾಯುವ ಪ್ರಮಾಣ. ಎಲ್.ಡಿ. 50 ಎಂದು ಅದರ ಹೆಸರು. ಔಷಧಿಯ ಕಡುಪು ಅಳೆಯಲೆಂದು ಹುಟ್ಟಿದ ಈ ಅಳತೆ ಮುಂದೆ ಕಂಡಕಂಡ ವಸ್ತುವಿಗೆಲ್ಲ ಕಚೇರಿಯ ಫಾರಂ ತುಂಬುವ ಸಂಖ್ಯೆಯಾಯಿತು. ಒಂದು ಸಂಖ್ಯೆಗಾಗಿ ಹತ್ತಾರು ಇಲಿಗಳು. ಅಂತಾರಾಷ್ಟ್ರೀಯ ಮಾರ್ಗಸೂಚಿಗಳಿಂದ ಆ ಹಳೆಯ ವಿಧಾನವನ್ನು ತೆಗೆದುಹಾಕಲು 2002 ಬರಬೇಕಾಯಿತು. ಈಗ ಹಂತಕ್ಕೆ ಮೂರೇ ಪ್ರಾಣಿಗಳಲ್ಲಿ ಅಂದಾಜು ಮಾಡುವ ವಿಧಾನ ಬಂದಿದೆ. ನಮ್ಮಲ್ಲಿ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ, ಅದರಡಿಯ 1998ರ ನಿಯಮಗಳು, ಪ್ರತಿ ಸಂಸ್ಥೆಯಲ್ಲೂ ನೈತಿಕ ಸಮಿತಿ, ಇವೆಲ್ಲ ಇವೆ. ಪ್ರಾಣಿಯಿಲ್ಲದ ಹೊಸ ಪರೀಕ್ಷಾ ವಿಧಾನಗಳಿಗೆ 2023ರಲ್ಲಿ ಔಷಧ ನಿಯಮಗಳಲ್ಲಿ ಜಾಗ ಸಿಕ್ಕಿತು.

ಪ್ರಾಣಿಯ ಪರವಾಗಿ ಮಾತಾಡುವುದು ಇತ್ತೀಚಿನ ಫ್ಯಾಷನ್ ಎಂದುಕೊಂಡವರಿದ್ದಾರೆ. ಬೆಕ್ಕನ್ನು ಕಟ್ಟಿಹಾಕಿ ಹಸಿವಿನಿಂದ ಕೊಂದ ಹೆಂಗಸು ಶಿಕ್ಷೆಗೊಳಗಾದ ಪ್ರವಾದಿ(ಸ)ವರ ಮಾತು, ಜೀವವಿರುವ ಪ್ರಾಣಿಯನ್ನು ಗುರಿಯಾಗಿಟ್ಟು ಬಾಣ ಹೊಡೆಯುವುದಕ್ಕೆ ಅವರು ಹಾಕಿದ ತಡೆ, ಇವನ್ನು ನಾವು ಮಕ್ಕಳಿಗೆ ಮದ್ರಸದಲ್ಲೇ ಕಲಿಸುತ್ತೇವೆ. ಹತ್ತನೆಯ ಶತಮಾನದ ಬಸ್ರಾದಲ್ಲಿ ‘ಇಖ್ವಾನುಸ್ಸಫಾ’ ಎಂಬ ವಿದ್ವಾಂಸರ ಕೂಟ ಬರೆದ ಒಂದು ಕಥೆಯಲ್ಲಂತೂ ಪ್ರಾಣಿಗಳೇ ಜಿನ್ನ್‌ಗಳ ಅರಸನ ಮುಂದೆ ಮನುಷ್ಯನ ಮೇಲೆ ದಾವೆ ಹೂಡುತ್ತವೆ. ನಮ್ಮ ಒಡೆತನ ನಿನಗೆ ಯಾರು ಕೊಟ್ಟರು ಎಂದು. ಅಗತ್ಯವಿದ್ದಾಗ, ನೋವು ಆದಷ್ಟು ಕಡಿಮೆ ಮಾಡಿ, ಮನುಷ್ಯನ ಜೀವ ಉಳಿಸುವ ಸಲುವಾಗಿ ಪ್ರಯೋಗ ಮಾಡಬಹುದೆಂದು ಹೇಳುವ ಧರ್ಮಪಂಡಿತರೂ ಅಗತ್ಯ ಎಂಬ ಮಾತಿಗೆ ಒತ್ತು ಕೊಡುತ್ತಾರೆ. ನನಗೆ ಕಾಡುವುದು ಅದಕ್ಕೂ ಆಚೆಗಿನದು. ಪ್ರಾಣಿಯ ಜೀವ ತೆಗೆದು ಪಡೆದ ಸಾಕ್ಷಿಯನ್ನು ಆಮೇಲೆ ನಾವು ಕೇಳಿದೆವೇ?

ಕೇಳಲಿಲ್ಲ ಎಂಬುದಕ್ಕೆ ಈಶ್ವರಿ ಬಳ್ಳಿಯ ಕುಲವೇ ಸಾಕು. ನಮ್ಮ ಕಡೆ ಹಾವಿನ ಕಡಿತಕ್ಕೆ ಬಳಸುವ ಈ ಬಳ್ಳಿಯ ನೆಂಟರು ಯುನಾನಿಯಲ್ಲಿ ಝರಾವಂದ್ ಎಂಬ ಹೆಸರಿನಲ್ಲಿದ್ದಾರೆ. ಇಡೀ ಕುಲದಲ್ಲಿ ಅರಿಸ್ಟೊಲೋಕಿಕ್ ಆಮ್ಲ ಎಂಬ ವಸ್ತುವಿದೆ. 1982ರಲ್ಲಿ ಜರ್ಮನಿಯ ಸಂಶೋಧಕರು ಅದನ್ನು ಇಲಿಗಳಿಗೆ ತಿನ್ನಿಸಿದಾಗ ಕೆಲವೇ ತಿಂಗಳಲ್ಲಿ ಕ್ಯಾನ್ಸರ್ ಬಂತು. ಜರ್ಮನಿ ಆ ಮದ್ದುಗಳನ್ನು ಹಿಂತೆಗೆದುಕೊಂಡಿತು. ಪಕ್ಕದ ಬೆಲ್ಜಿಯಂನಲ್ಲಿ, ಹತ್ತು ವರ್ಷದ ನಂತರ, ಮೈ ಕರಗಿಸುವ ಚಿಕಿತ್ಸಾಲಯವೊಂದರಲ್ಲಿ ಕೊಟ್ಟ ಚೀನೀ ಮೂಲಿಕೆಯ ಪುಡಿಯಲ್ಲಿ ಒಂದು ಗಿಡದ ಬದಲು ಈ ಕುಲದ ಇನ್ನೊಂದು ಗಿಡ ಸೇರಿಹೋಗಿತ್ತು. 1993ರಲ್ಲಿ ವೈದ್ಯರು ಕಾರಣ ಪತ್ತೆಹಚ್ಚಿದರು. ನೂರಕ್ಕೂ ಹೆಚ್ಚು ಹೆಂಗಸರ ಮೂತ್ರಪಿಂಡ ಹಾಳಾಗಿತ್ತು. ಮೂತ್ರಪಿಂಡಗಳನ್ನು ತೆಗೆಸಿಕೊಂಡ 39 ಮಂದಿಯಲ್ಲಿ 18 ಮಂದಿಗೆ ಮೂತ್ರನಾಳದ ಕ್ಯಾನ್ಸರ್ ಇದೆಯೆಂದು 2000ದಲ್ಲಿ ವರದಿಯಾಯಿತು. ಇಲಿಗಳು ಮೊದಲೇ ಹೇಳಿದ್ದವು.

ಯುನಾನಿಯ ಹಳೆಯ ಗ್ರಂಥಗಳನ್ನು ಬಲ್ಲವರಿಗೆ ಇದು ಹೆಚ್ಚು ಚುಚ್ಚಬೇಕು. ಆ ಗ್ರಂಥಗಳಲ್ಲಿ ಪ್ರತಿ ಮೂಲಿಕೆಯ ಹೆಸರಿನ ಕೆಳಗೆ ಅದರ ಗುಣ, ಪ್ರಮಾಣಗಳ ಜೊತೆಗೆ ‘ಮುಝಿರ್’ ಎಂಬ ಇನ್ನೊಂದು ಸಾಲಿರುತ್ತದೆ, ಅಂದರೆ ಅದು ಯಾವ ಅಂಗಕ್ಕೆ ಕೇಡು. ಅದರ ಪಕ್ಕದಲ್ಲಿ ‘ಮುಸ್ಲಿಹ್’, ಆ ಕೇಡನ್ನು ತಿದ್ದುವ ವಸ್ತು. ಕೇಡಿಲ್ಲದ ಮದ್ದಿದೆಯೆಂದು ಹಳೆಯ ಹಕೀಮರು ಎಂದೂ ಹೇಳಲಿಲ್ಲ. ‘ನೈಸರ್ಗಿಕ, ಅಡ್ಡಪರಿಣಾಮವಿಲ್ಲ’ ಎಂಬುದು ಹೊಸ ಕಾಲದ ಡಬ್ಬಿಯ ಮೇಲಿನ ಬರಹ.

ಕಾನೂನು ಇದನ್ನು ಅರ್ಧ ಒಪ್ಪಿದೆ. ಚೋಪ್ರಾ ಅಧ್ಯಕ್ಷತೆಯ ಸಮಿತಿಯ ಹಿನ್ನೆಲೆಯಲ್ಲಿ ಬಂದ 1940ರ ಔಷಧ ಕಾಯ್ದೆಯೊಳಗೆ ಆಯುರ್ವೇದ, ಯುನಾನಿಗಳು ಸೇರಿದ್ದು 1964ರಲ್ಲಿ. ಅದರಡಿಯ ವಿಷವಸ್ತುಗಳ ಪಟ್ಟಿ ಓದಿದರೆ ನಮ್ಮ ಹಾದಿಬದಿಯೇ ಕಣ್ಣಮುಂದೆ ಬರುತ್ತದೆ: ಎಕ್ಕ, ಉಮ್ಮತ್ತಿ, ಗುಲಗಂಜಿ, ಕಣಗಿಲೆ, ಕಳ್ಳಿ. 2010ರ ತಿದ್ದುಪಡಿಯ ಪ್ರಕಾರ ಶಾಸ್ತ್ರಗ್ರಂಥಗಳಲ್ಲಿ ಹೇಳಿದಂತೆಯೇ ಮಾಡಿದ ಮದ್ದಿಗೆ ಸಾಮಾನ್ಯವಾಗಿ ಹೊಸ ಸುರಕ್ಷತಾ ಪರೀಕ್ಷೆ ಬೇಡ. ನೀರು, ಮದ್ಯಸಾರಗಳನ್ನು ಬಿಟ್ಟು ಬೇರೆ ದ್ರಾವಕಗಳಿಂದ ತೆಗೆದ ಸಾರವಾದರೆ ತಕ್ಷಣದ ವಿಷ, ದೀರ್ಘಕಾಲದ ವಿಷ, ಗರ್ಭದ ಮೇಲಿನ ಪರಿಣಾಮ ಇತ್ಯಾದಿ ಪರೀಕ್ಷೆ ಬೇಕು. ಹಿತ್ತಲಲ್ಲಿ ಕಾಸಿದ ಕಷಾಯಕ್ಕೆ ಯಾವ ಪಟ್ಟಿಯೂ ಇಲ್ಲ.

ಹಿತ್ತಲೂ ಮುಗ್ಧವೇನಲ್ಲ. 1981ರಲ್ಲಿ ಮಲೇಷ್ಯಾದ ವೈದ್ಯರು, ನೆಗಡಿಗೆಂದು ಬೇವಿನೆಣ್ಣೆ ಕುಡಿಸಿದ ಹಸುಗೂಸುಗಳು ವಾಂತಿ, ಸೆಳೆತ, ಪ್ರಜ್ಞೆ ತಪ್ಪುವಿಕೆಯಿಂದ ಆಸ್ಪತ್ರೆ ಸೇರಿದ್ದನ್ನು ಬರೆದರು. ಅದೇ ಎಣ್ಣೆಯನ್ನು ಇಲಿಗಳಿಗೆ ಕೊಟ್ಟಾಗ ಲಿವರಿನಲ್ಲಿ ಅದೇ ಬಗೆಯ ಹಾನಿ ಕಂಡಿತು. ಆ ಮನೆಗಳ ಅಜ್ಜಿಯರು ಭಾರತದಿಂದ ಹೋದ ವಲಸೆಗಾರರ ಕುಟುಂಬದವರು. ತಮ್ಮ ಊರಿನ ಪದ್ಧತಿಯನ್ನೇ ಮಾಡಿದ್ದರು.

ಇಂಥ ಪರೀಕ್ಷೆಗಳನ್ನು ಯುನಾನಿಯೊಳಗೇ ಮಾಡುವ ಜಾಗ ನಮ್ಮ ರಾಜ್ಯದಲ್ಲಿದೆ ಎಂಬುದು ಸಣ್ಣ ಮಾತಲ್ಲ. ಬೆಂಗಳೂರಿನ ಮಾಗಡಿ ರಸ್ತೆಯ ಕೊಟ್ಟಿಗೆಪಾಳ್ಯದಲ್ಲಿರುವ ರಾಷ್ಟ್ರೀಯ ಯುನಾನಿ ವೈದ್ಯ ಸಂಸ್ಥೆ ಕೇಂದ್ರ ಮತ್ತು ಕರ್ನಾಟಕ ಸರ್ಕಾರಗಳ ಜಂಟಿ ಯೋಜನೆಯಾಗಿ 1984ರಲ್ಲಿ ರೂಪುಗೊಂಡಿತು, ಅಲ್ಲಿ ಪಾಠ ಆರಂಭವಾದದ್ದು 2004ರಲ್ಲಿ. ಇಲ್ಮುಲ್ ಅದ್ವಿಯಾ, ಅಂದರೆ ಔಷಧ ಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿಗಳು ಹಳೆಯ ಗ್ರಂಥದ ಒಂದು ಮಾತನ್ನು ಕೈಗೆತ್ತಿಕೊಂಡು ಬಿಳಿ ಇಲಿಗಳ ಮೇಲೆ ನೋಡುತ್ತಾರೆ. ಅಜ್ಮಲ್ ಖಾನ್ ಕನಸಿಗೆ ಇದು ಸಂದ ಗೌರವವೇ. ಒಂದೇ ಸಂಗತಿ ಹೇಳಬೇಕು. ಯಾವ ಪದ್ಧತಿಯ ಪ್ರಬಂಧವನ್ನೇ ತೆಗೆದುಕೊಳ್ಳಿ, ಗಿಡ ಒಳ್ಳೆಯದು ಮಾಡಿತೆಂಬ ಫಲಿತಾಂಶ ಅಚ್ಚಾಗುವಷ್ಟು ಬೇಗ, ಕೆಟ್ಟದ್ದು ಮಾಡಿತೆಂಬ ಫಲಿತಾಂಶ ಅಚ್ಚಾಗುವುದಿಲ್ಲ. ‘ಮುಝಿರ್’ ಸಾಲು ಖಾಲಿ ಉಳಿಯುತ್ತದೆ.

ಆಡುಸೋಗೆಗೆ ಮರಳೋಣ. ಅದರ ಮುಖ್ಯ ಅಂಶ ವ್ಯಾಸಿಸಿನ್. ಅದರ ರಚನೆಯನ್ನು ಮಾದರಿಯಾಗಿಟ್ಟುಕೊಂಡು ಯುರೋಪಿನವರು ರೂಪಿಸಿದ ಬ್ರೋಮ್‌ಹೆಕ್ಸಿನ್ ಇವತ್ತು ಎಲ್ಲ ಔಷಧಿ ಅಂಗಡಿಗಳ ಕೆಮ್ಮಿನ ಸಿರಪ್ಪಿನಲ್ಲಿದೆ. ಅಜ್ಜಿಯ ಕಷಾಯ ಸುಳ್ಳಲ್ಲ. ಆದರೆ ಜಮ್ಮುವಿನ ಪ್ರಾದೇಶಿಕ ಸಂಶೋಧನಾ ಪ್ರಯೋಗಾಲಯದಲ್ಲಿ ಸಿ.ಕೆ. ಅಟಲ್ ಮತ್ತು ಸಂಗಡಿಗರು ವ್ಯಾಸಿಸಿನ್ನನ್ನು ಪ್ರಾಣಿಗಳ ಮೇಲೆ ನೋಡಿದಾಗ ಅದು ಗರ್ಭಕೋಶವನ್ನು ಬಲವಾಗಿ ಹಿಂಡುತ್ತದೆ, ಗರ್ಭ ಇಳಿಸಬಲ್ಲದು ಎಂದು ಕಂಡುಬಂತು. 1980ರಲ್ಲಿ ಅದನ್ನು ಪ್ರಕಟಿಸಿದರು. ಆಡು ಏಕೆ ಮೂಸಿ ಮುಂದೆ ಹೋಗುತ್ತದೆ ಎಂಬುದಕ್ಕೆ ಕಹಿ, ವಾಸನೆಗಳಿಗಿಂತ ದೊಡ್ಡ ಕಾರಣ ಹುಡುಕಬೇಕಿಲ್ಲ. ಬಸುರಿ ಹೆಂಗಸಿನ ಕೆಮ್ಮಿಗೆ ಬೇಲಿಯ ಎಲೆ ಕಿತ್ತುಕೊಡುವವರು ಮಾತ್ರ ಜಮ್ಮುವಿನ ಮಾತು ಕೇಳಿರಬೇಕು.

ಅದೇ ಬೇಲಿಯ ಮೇಲೆ ಹಬ್ಬಿರುವ ಅಮೃತಬಳ್ಳಿಯದು ಇನ್ನೂ ಮುಗಿಯದ ಕಥೆ. ಇಲಿಗಳ ಮೇಲಿನ ಎಷ್ಟೋ ಪ್ರಯೋಗಗಳಲ್ಲಿ ಅದು ಲಿವರನ್ನು ಕಾಪಾಡಿತ್ತು. ಕೊರೋನಾ ಕಾಲದಲ್ಲಿ ದೇಶವೇ ಅದರ ಕಷಾಯ ಕುಡಿಯಿತು. ತೆಂಗಿನ ತೋಟದ ಸೀಮೆಯಲ್ಲೂ ಬಳ್ಳಿ ಬುಡಸಹಿತ ಮಾಯವಾಯಿತು. 2021ರಲ್ಲಿ ಮುಂಬೈಯ ವೈದ್ಯರು, ಅದನ್ನು ಸೇವಿಸಿದ ಆರು ಮಂದಿಗೆ ಲಿವರ್ ಕೆಟ್ಟದ್ದನ್ನು ವರದಿ ಮಾಡಿದರು. 2022ರಲ್ಲಿ 13 ಆಸ್ಪತ್ರೆಗಳ ವೈದ್ಯರು ಸೇರಿ ಅಂಥ 43 ಮಂದಿಯ ವಿವರ ಪ್ರಕಟಿಸಿದರು. ಅವರಲ್ಲಿ ಹಲವರಿಗೆ ದೇಹವೇ ತನ್ನ ಲಿವರಿನ ಮೇಲೆ ತಿರುಗಿಬೀಳುವ ಲಕ್ಷಣಗಳಿದ್ದವು. ಬಳ್ಳಿ ಆ ಮಲಗಿದ್ದ ಕಾಯಿಲೆಯನ್ನು ಎಬ್ಬಿಸಿರಬಹುದೆಂದು ಅವರ ಊಹೆ. ಪಂಜರದ ಆರೋಗ್ಯವಂತ ಎಳೆಯ ಇಲಿಗೆ ಇಂಥ ಮಲಗಿದ ಕಾಯಿಲೆಗಳಿರುವುದಿಲ್ಲ. ಆಯುಷ್ ಸಚಿವಾಲಯ ಮುಂಬೈ ವರದಿಯನ್ನು ಒಪ್ಪಲಿಲ್ಲ. ಅಮೃತಬಳ್ಳಿಯನ್ನೇ ಹೋಲುವ ಅದರ ಕುಲದ ಇನ್ನೊಂದು ಬಳ್ಳಿಯಿದೆ, ರೋಗಿಗಳು ಕುಡಿದದ್ದು ಯಾವುದೆಂದು ಮೊದಲು ಗುರುತಿಸಬೇಕಿತ್ತು ಎಂಬುದು ಅದರ ಆಕ್ಷೇಪ.

ಎರಡೂ ಬಳ್ಳಿಯ ಎಲೆ ಹೃದಯದ ಆಕಾರದ್ದೇ. ಕಾಂಡದ ಮೇಲಿನ ಗಂಟುಗಳನ್ನು ನೋಡಿ ಬೇರೆ ಮಾಡಬಲ್ಲವರು ಹಳ್ಳಿಯಲ್ಲಿ ಈಗ ಕೆಲವೇ ಮಂದಿ, ಅವರಲ್ಲಿ ಹೆಚ್ಚಿನವರು ಆಡು ಕಾಯುವ ಮುದುಕರು.